ಟೋಪನ್ ಅಕ್ಕನ ಬೀಗ

ಟೋಪನ್ ಅಕ್ಕನ ಅಂಗಡಿಗೆ ಬೋರ್ಡಿಲ್ಲ. ಕೆಳಗೆ ಕನ್ನಡಕದ ಅಂಗಡಿ, ಪಕ್ಕದಲ್ಲಿ ಕೊಡೆ ರಿಪೇರಿಯವನ ಗೂಡು, ಎರಡರ ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದಾದ ಮೆಟ್ಟಿಲು. ಹತ್ತಿದರೆ ಹಸಿರು ಬಾಗಿಲು. ಬಾಗಿಲ ಮೇಲೆ ಏನೂ ಬರೆದಿಲ್ಲ. ಅಂಗಡಿ ಇಟ್ಟ ಯಾರನ್ನೇ ಕೇಳಿ, ಬೋರ್ಡಿಲ್ಲದೆ ವ್ಯಾಪಾರಕ್ಕೆ ಕೂತವರಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಆದರೆ ಇಲ್ಲಿಗೆ ಬರುವ ಗಿರಾಕಿಗಳು ಬೋರ್ಡು ನೋಡಿ ಬರುವವರಲ್ಲ, ಬೋರ್ಡಿದ್ದರೆ ಬಾರದೇ ಇರುವವರು. ಕನ್ನಡಕ ಕೊಳ್ಳುವವರ ಹಾಗೆ ಬಂದು ನಿಂತು, ಅತ್ತ ಇತ್ತ ನೋಡಿ, ಸರಕ್ಕನೆ ಮೆಟ್ಟಿಲು ಹತ್ತುತ್ತಾರೆ. ಇಳಿಯುವಾಗ ಹತ್ತು ವರ್ಷ ಚಿಕ್ಕವರಾಗಿ ಇಳಿಯುತ್ತಾರೆ.

ನಾಟಕದವರು ವಿಗ್ಗಿಗೆ ಟೋಪನ್ ಅನ್ನುತ್ತಾರೆ. ಅಕ್ಕನ ಅಪ್ಪ ನಾಟಕ ಕಂಪನಿಗಳಿಗೆ ರಾಜನ ಟೋಪನ್, ರಾಕ್ಷಸನ ಟೋಪನ್ ಕಟ್ಟಿಕೊಡುತ್ತಿದ್ದವರು. ಕಂಪನಿಗಳು ಒಂದೊಂದಾಗಿ ಪರದೆ ಇಳಿಸಿದ ಮೇಲೆ, ರಾಜರೂ ಅಲ್ಲದ ರಾಕ್ಷಸರೂ ಅಲ್ಲದ, ಕಾಯಿಲೆಗೋ ವಯಸ್ಸಿಗೋ ಕೂದಲು ಕಳೆದುಕೊಂಡ ಮಾಮೂಲಿ ಜನಕ್ಕೆ ಕಟ್ಟತೊಡಗಿದರು. ಮಗಳನ್ನು ಹನ್ನೊಂದನೆಯ ವಯಸ್ಸಿಗೆ ಪಕ್ಕದಲ್ಲಿ ಕೂರಿಸಿಕೊಂಡು, ಕೊಕ್ಕೆ ಸೂಜಿಯಲ್ಲಿ ಜಾಲರಿ ಬಟ್ಟೆಗೆ ಒಂದೊಂದೇ ಕೂದಲು ಗಂಟು ಹಾಕುವುದನ್ನು ಕಲಿಸಿದರು. ಒಂದು ತಲೆಗೆ ನಲವತ್ತು ಸಾವಿರ ಗಂಟು. ಎಣಿಸಿದವರಾರೂ ಇಲ್ಲ, ಆದರೆ ಅಕ್ಕನ ಹೆಬ್ಬೆರಳನ್ನು ನೋಡಿದರೆ ನಂಬಿಕೆ ಬರುತ್ತದೆ.

ಅಪ್ಪ ಬಿಟ್ಟು ಹೋದದ್ದು ಎರಡು ಕಟ್ಟಳೆ. ಮೊದಲನೆಯದು, ಗಿರಾಕಿ ಬೀದಿಯಲ್ಲಿ ಸಿಕ್ಕರೆ ಗುರುತು ಹಿಡಿಯಬಾರದು. ಎರಡನೆಯದು, ಪ್ರತಿ ಗಿರಾಕಿಯ ಅಳತೆಗೂ ಒಂದು ಮರದ ತಲೆ ಕೆತ್ತಿಸಿ, ಅದಲು ಬದಲಾಗದಂತೆ ಕತ್ತಿನ ಬುಡದಲ್ಲಿ ಹೆಸರು, ವಿಳಾಸ ಬರೆದಿಡಬೇಕು. ಅಕ್ಕ ಎರಡನ್ನೂ ಮೂವತ್ತು ವರ್ಷ ಚಾಚೂ ತಪ್ಪದೆ ನಡೆಸಿದಳು. ಮೊದಲನೆಯದರ ದೆಸೆಯಿಂದ ಊರಲ್ಲಿ ಅವಳಿಗೆ ಜಂಬದವಳೆಂದು ಹೆಸರು ಬಂತು. ಒಂದೇ ಮನುಷ್ಯನನ್ನು ಮೂರು ಮದುವೆಗಳಲ್ಲಿ ಮೂರು ಸಲ ಅವಳಿಗೆ ಪರಿಚಯ ಮಾಡಿಸಿದ್ದಾರೆ, ಮೂರು ಸಲವೂ ಅವಳು, "ಓಹ್, ಹೌದಾ?" ಅಂದಿದ್ದಾಳೆ. ಆತನ ನೆತ್ತಿಯ ಮೇಲೆ ಎಷ್ಟು ಮಚ್ಚೆಗಳಿವೆ ಅನ್ನುವುದು ಆತನ ಹೆಂಡತಿಗಿಂತ ಚೆನ್ನಾಗಿ ಇವಳಿಗೆ ಗೊತ್ತು. ಎರಡನೆಯದರ ದೆಸೆಯಿಂದ ಏನಾಯಿತು ಅನ್ನುವುದೇ ಈ ಕಥೆ.

ಅಂಗಡಿಯಲ್ಲಿ ಅಕ್ಕನ ಜೊತೆಗಿರುವುದು ಅವಳ ನಾದಿನಿ. ಕೂದಲು ತೊಳೆದು, ಉದ್ದದ ಪ್ರಕಾರ ವಿಂಗಡಿಸಿ, ಬಣ್ಣ ಹೊಂದಿಸುವುದು ನಾದಿನಿಯ ಕೆಲಸ. ಮಾತೂ ಅವಳದೇ. ಅಕ್ಕನ ಗಂಡ ಗೂಡ್ಸ್ ರೈಲಿನ ಗಾರ್ಡು. ಮನೆಯಲ್ಲಿದ್ದಾಗ ಮಲಗಿರುತ್ತಾನೆ, ಆದ್ದರಿಂದ ಇಲ್ಲಿ ಅವನಿಗೆ ಕೆಲಸವಿಲ್ಲ.

ಏಳು ವರ್ಷದ ಹಿಂದೆ ಒಂದು ಕಂಪ್ಯೂಟರ್ ಬಂತು. ಅಲ್ಲಿಯವರೆಗೆ ದಪ್ಪ ಪುಸ್ತಕದಲ್ಲಿದ್ದದ್ದೆಲ್ಲ ಅದರೊಳಗೆ ಹೋಯಿತು. ಒಬ್ಬೊಬ್ಬ ಗಿರಾಕಿಗೂ ಒಂದು ಫೈಲು. ಅದರಲ್ಲಿ ಬರಿದಾದ ತಲೆಯ ಐದು ಫೋಟೋ: ಎದುರಿಂದ, ಹಿಂದಿನಿಂದ, ಎರಡು ಪಕ್ಕದಿಂದ, ನೆತ್ತಿಯಿಂದ. ಅಳತೆ, ಬಣ್ಣ, ಕೂದಲು ಹೋದದ್ದು ಯಾವ ಕಾಯಿಲೆಯಿಂದ, ಮನೆಯಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ. ಆ ಮುಖಗಳನ್ನು ಅವರವರ ಬಚ್ಚಲಿನ ಕನ್ನಡಿ ಬಿಟ್ಟರೆ ಈ ಪೆಟ್ಟಿಗೆ ಮಾತ್ರ ನೋಡಿತ್ತು.

ಹೋದ ವರ್ಷ ಅದು ನಿಧಾನವಾಯಿತೆಂದು ಬೀದಿ ಕೊನೆಯ ರಿಪೇರಿ ಅಂಗಡಿಗೆ ಕೊಟ್ಟಳು. ಮಾರನೆಯ ದಿನ ಮಧ್ಯಾಹ್ನ ಕೇಳಲು ಹೋದಾಗ ರಿಪೇರಿಯವನು ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ. ಎದುರಿನ ಪರದೆಯಲ್ಲಿ ಅವಳ ಗಿರಾಕಿಯೊಬ್ಬರ ನೆತ್ತಿ, ಗೋಡೆಯಷ್ಟು ದೊಡ್ಡದಾಗಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಚಾರ್ಜರ್ ಕೊಳ್ಳಲು ಬಂದವನೊಬ್ಬ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಏನ್ರೀ ಇದು!" ಅಂದಳು ಅಕ್ಕ.

"ಫೋಟೋ ಸರಿಯಾಗಿ ತೆರೀತಾ ಇದೆಯಾ ಅಂತ ಟೆಸ್ಟ್ ಮಾಡ್ತಿದ್ದೆ ಮೇಡಂ."

"ನಾನು ಪಾಸ್‌ವರ್ಡ್ ಹಾಕಿದ್ದೆನಲ್ರೀ?"

"ಓ, ಅದಾ?" ಅವನು ತುತ್ತು ನುಂಗಿದ. "ಡಿಸ್ಕ್ ಬಿಚ್ಚಿ ನಮ್ಮ ಮಿಷನ್‌ಗೆ ಸಿಕ್ಕಿಸಿದ್ರೆ ಅದೆಲ್ಲ ಕೇಳಲ್ಲ."

ಅಕ್ಕ ಅಲ್ಲೇ ನಿಂತು ಡಿಸ್ಕನ್ನು ಮತ್ತೆ ಒಳಗೆ ಕೂರಿಸಿ ತಿರುಪು ಬಿಗಿಸುವವರೆಗೆ ಕದಲಲಿಲ್ಲ. ಕಂಪ್ಯೂಟರನ್ನು ಮಗುವಿನಂತೆ ಕಂಕುಳಲ್ಲಿ ಎತ್ತಿಕೊಂಡು ಬೀದಿಯುದ್ದ ಬಯ್ದುಕೊಳ್ಳುತ್ತ ಬಂದಳು. ಹಲ್ಲು ಕೀಳಿಸಲು ಹೋದವರ ಹೊಟ್ಟೆ ಕೊಯ್ದು ನೋಡುತ್ತಾರೆಯೇ? ಹೊಲಿಯಲು ಕೊಟ್ಟ ಅಂಗಿಯ ಜೇಬಿನ ಕಾಗದ ಓದುತ್ತಾರೆಯೇ? ಕೊಡೆ ರಿಪೇರಿಯವನು ಏನಾಯಿತೆಂದು ಕೇಳಿದ್ದಕ್ಕೆ ಅವನಿಗೂ ಎರಡು ಬೈಗುಳ ಬಿತ್ತು.

ಈ ಸಿಟ್ಟಿಗೆ ಮದ್ದು ಕೊಟ್ಟವರು ಗುಂಗುರು ಸಾಹೇಬರು. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು, ಅಕ್ಕನ ಹಳೆಯ ಗಿರಾಕಿ. ಐವತ್ತೆರಡರ ವಯಸ್ಸಿನಲ್ಲಿ, ಯಾರೆಷ್ಟು ಹೇಳಿದರೂ ಕೇಳದೆ, ಹಣೆ ತುಂಬ ಗುಂಗುರು ಕೂದಲೇ ಬೇಕೆಂದು ಹಟ ಹಿಡಿದು ಕಟ್ಟಿಸಿಕೊಂಡವರು. ಸುದ್ದಿ ಕೇಳಿ ಅವರ ಗುಂಗುರೇ ನೆಟ್ಟಗಾಗುವಂತಾಯಿತು.

"ತಂಗಿ, ನೀನು ಹಾಕಿದ್ದು ಬಾಗಿಲಿನ ಚಿಲಕ. ಡಿಸ್ಕ್ ಹೊತ್ತುಕೊಂಡು ಹೋದ್ರೆ ಚಿಲಕ ಇಲ್ಲೇ ಇರುತ್ತೆ, ಸಾಮಾನು ಅಲ್ಲಿಗೆ ಹೋಗುತ್ತೆ. ಎನ್‌ಕ್ರಿಪ್ಷನ್ ಅಂತಿದೆ. ಅದು ಸಾಮಾನನ್ನೇ ಪುಡಿಪುಡಿ ಮಾಡಿ ಕಲಸಿ ಇಡುತ್ತೆ. ನೀನು ಪಾಸ್‌ವರ್ಡ್ ಕೊಟ್ರೆ ಮಾತ್ರ ಮತ್ತೆ ಜೋಡಣೆ. ಕದ್ದವನಿಗೆ ಸಿಗೋದು ಬರೀ ಹಿಟ್ಟು."

"ಮತ್ತೆ ಜೋಡಿಸುವಾಗ ಒಬ್ಬರ ಮೂಗು ಇನ್ನೊಬ್ಬರಿಗೆ ಹೋದ್ರೆ?" ಅಂದಳು ನಾದಿನಿ.

"ನಿನಗೆ ಯಾರದ್ದು ಬೇಕು ಹೇಳು, ಸಾಹೇಬರು ನೋಡಿ ಹಾಕಿಸ್ತಾರೆ," ಅಂದಳು ಅಕ್ಕ.

ಸಾಹೇಬರು ಎರಡು ದಿನ ಕೂತು ಇಡೀ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿದರು. ಪಾಸ್‌ವರ್ಡಿಗೆ ಹೆಸರು ಬೇಡ, ಹುಟ್ಟಿದ ದಿನ ಬೇಡ, ನಿನಗೆ ಮಾತ್ರ ನೆನಪಿರುವ ಉದ್ದನೆಯ ಮಾತೊಂದು ಇರಲಿ ಅಂದರು. ಮರೆತರೆ ದೇವರು ಬಂದರೂ ತೆರೆಯಲಾಗದೆಂದು, ಆಪತ್ಕಾಲಕ್ಕೆ ನಲವತ್ತೆಂಟು ಅಂಕಿಯ ಒಂದು ಕೀಲಿಯನ್ನು ಕಾಗದದಲ್ಲಿ ಬರೆದುಕೊಟ್ಟು, ಕಂಪ್ಯೂಟರಿನಿಂದ ದೂರ ಇಡು ಅಂದರು. ಅಕ್ಕ ಅದನ್ನು ಮನೆಗೆ ಒಯ್ದು, ಅಪ್ಪ ಕಟ್ಟಿದ್ದ ರಾಜನ ಟೋಪನ್ನಿನ ಒಳಪದರದಲ್ಲಿಟ್ಟು ಹೊಲಿದುಬಿಟ್ಟಳು. ಸಾಹೇಬರು ಹೊರಡುವಾಗ ಕೊನೆಗೊಂದು ಮಾತು ಹೇಳಿದರು: "ತೆರೆದಿಟ್ಟು ಎದ್ದು ಹೋದ್ರೆ ಮಾತ್ರ ನಾನು ಹೊಣೆಯಲ್ಲ. ಏಳುವಾಗೆಲ್ಲ ಮುಚ್ಚು."

ಅಂದಿನಿಂದ ಅಕ್ಕ ನೀರು ಕುಡಿಯಲು ಎದ್ದರೂ ಮುಚ್ಚುತ್ತಿದ್ದಳು. ಬಂದು ಕೂತಾಗ ಮತ್ತೆ ಆ ಉದ್ದನೆಯ ಪಾಸ್‌ವರ್ಡ್ ಒತ್ತಬೇಕು. ಕೋಣೆಯಲ್ಲಿ ಯಾರೇ ಇರಲಿ, ಗಿರಾಕಿಯಾಗಲಿ, ಕೂದಲು ತರುವವನಾಗಲಿ, ಒಂದೇ ಅಪ್ಪಣೆ:

"ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ಳಿ."

ದಿನಕ್ಕೆ ಇಪ್ಪತ್ತು ಸಲ. ಕೋಣೆ ಇರುವುದೇ ಹತ್ತು ಹೆಜ್ಜೆಯಷ್ಟು. ಒಂದು ಗೋಡೆಗೆ ಕಂಪ್ಯೂಟರ್. ಆ ಕಡೆ ಅಂದರೆ ಎದುರು ಗೋಡೆ. ಎದುರು ಗೋಡೆಗೆ ಏನಿದೆ ಅನ್ನುವುದನ್ನು ಅಕ್ಕ ಯೋಚಿಸಲಿಲ್ಲ. ಮೂವತ್ತು ವರ್ಷದಿಂದ ಕಣ್ಣೆದುರೇ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲವಷ್ಟೆ.

ಹೀಗೆ ತಿರುಗಿ ಕೂತವರಲ್ಲಿ ಶಾಂಪೂ ಏಜೆಂಟನೂ ಒಬ್ಬ. ಜಾಲರಿ, ಅಂಟು ಪಟ್ಟಿ, ವಿಗ್ಗಿಗೆಂದೇ ಮಾಡಿದ ಶಾಂಪೂ ಇವನ್ನೆಲ್ಲ ತಿಂಗಳಿಗೊಮ್ಮೆ ತಂದು ಹಾಕುವವನು. ನಗು ಮುಖ, ಇಸ್ತ್ರಿ ಅಂಗಿ, ಯಾರನ್ನು ಕಂಡರೂ ಸಂಬಂಧ ಹಚ್ಚುವ ಬಾಯಿ. ಮಾಲು ಒಳ್ಳೆಯದು, ಇಲ್ಲವೆಂದರೆ ಪಾಪ ಬರುತ್ತದೆ.

"ಅಕ್ಕಾವ್ರೇ, ನಿಮ್ಮ ಗಿರಾಕಿಗಳ ಫೋಟೋ ಒಂದು ನಾಲ್ಕು ಕೊಡಿ. ಮೊದಲು ಹೀಗಿದ್ರು, ಈಗ ಹೀಗಾದ್ರು ಅಂತ ಜಾಹೀರಾತಿಗೆ ಹಾಕೋಣ. ಕಣ್ಣಿಗೆ ಕಪ್ಪು ಪಟ್ಟಿ ಹಾಕ್ತೀವಿ."

"ನಿನ್ನ ಮುಖಕ್ಕೆ ಕಪ್ಪು ಪಟ್ಟಿ ಹಾಕ್ತೀನಿ. ಆಮೇಲೆ ನಿನ್ನ ಹೆಂಡತಿ ಗುರುತು ಹಿಡೀತಾಳೋ ಇಲ್ವೋ ಕೇಳ್ಕೊಂಡು ಬಾ."

"ಹೋಗ್ಲಿ, ಬರೀ ಫೋನ್ ನಂಬರ್? ಶಾಂಪೂ ನೇರ ಮನೆಗೇ ಕಳಿಸ್ತೀವಿ, ನಿಮಗೂ ಒಂದು ಪಾಲು..."

"ಎಲ್ಲ ಇದರೊಳಗಿದೆ," ಅಕ್ಕ ಕಂಪ್ಯೂಟರಿನ ಬೆನ್ನು ತಟ್ಟಿದಳು. "ಧೈರ್ಯ ಇದ್ರೆ ಹೊತ್ತುಕೊಂಡು ಹೋಗು. ಹಿಟ್ಟು ಸಿಗುತ್ತೆ."

ಅವನು ನಕ್ಕ. ಅಕ್ಕ ಅವನಿಂದ ತರಿಸಬೇಕಾದ ಜಾಲರಿಗಳ ಅಳತೆ ತೆಗೆಯಲು ಕಂಪ್ಯೂಟರಿನ ಮುಂದೆ ಕೂತಳು. "ಆ ಕಡೆ ತಿರುಗಿ ಕೂತ್ಕೊ," ಅಂದಳು. ಅವನು ವಿಧೇಯ ವಿದ್ಯಾರ್ಥಿಯ ಹಾಗೆ ತಿರುಗಿ ಕೂತ. ನಾದಿನಿ ಒಳಗೆ ಬಚ್ಚಲಿನಲ್ಲಿ ಕೂದಲು ತೊಳೆಯುತ್ತಿದ್ದಳು. ಅಳತೆಗಳನ್ನೆಲ್ಲ ಹುಡುಕಿ ಬರೆದುಕೊಳ್ಳಲು ಅಕ್ಕನಿಗೆ ಅರ್ಧ ಗಂಟೆ ಹಿಡಿಯಿತು.

ಇದಾಗಿ ಮೂರು ವಾರಕ್ಕೆ, ಒಂದು ಗುರುವಾರ ಸಂಜೆ, ಜಡೆ ಮಿಸ್ ಮೆಟ್ಟಿಲು ಹತ್ತಿದರು. ಯಾವಾಗಲೂ ಹೆಜ್ಜೆ ಸಪ್ಪಳವಾಗದಂತೆ ಬರುವವರು ಅಂದು ದಡದಡ ಬಂದರು. ಆರುನೂರು ಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಒಂಬತ್ತು ವರ್ಷದ ಹಿಂದೆ ಎಂಥದ್ದೋ ಕಾಯಿಲೆಗೆ ಆರು ವಾರದಲ್ಲಿ ಹುಬ್ಬಿನ ಸಮೇತ ಕೂದಲೆಲ್ಲ ಉದುರಿಹೋಗಿತ್ತು. ಬೇಸಿಗೆ ರಜೆ ಮುಗಿಯುವುದರೊಳಗೆ ಅಕ್ಕ ಮೊಣಕೈವರೆಗೆ ಇಳಿಯುವ ಜಡೆ ಕಟ್ಟಿಕೊಟ್ಟಿದ್ದಳು, ಮೊದಲಿದ್ದಷ್ಟೇ ಉದ್ದ, ಅದೇ ಬಣ್ಣ. ಅಲ್ಲಿಂದಾಚೆ ಶಾಲೆಗೆ ಸೇರಿದ ಮಕ್ಕಳೂ ಅವರನ್ನು ಜಡೆ ಮಿಸ್ ಎಂದೇ ಕರೆದರು. ಗಂಡನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ತಿಳಿಯದು.

ಅವರು ಕೂರಲಿಲ್ಲ.

"ಕಂಪ್ಯೂಟರಿಗೆ ಏನೋ ಭದ್ರ ಬೀಗ ಹಾಕಿಸಿದೀನಿ ಅಂದ್ರಲ್ಲಮ್ಮ?"

"ಹೌದು ಮೇಡಂ. ಅದು ಬ್ಯಾಂಕಿನಲ್ಲಿರೋ..."

"ಹಾಗಾದ್ರೆ ಇವತ್ತು ನಮ್ಮ ಶಾಲೆ ಆಫೀಸಿಗೆ ಫೋನ್ ಮಾಡಿ, ನಿಮ್ಮ ಮೇಡಂ ವಿಗ್ಗಿಗೆ ಹೊಸ ಶಾಂಪೂ ಬಂದಿದೆ ಅಂತ ಹೇಳಿದವನು ಯಾರು?"

ಅಕ್ಕನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು.

"ಗುಮಾಸ್ತ ಫೋನ್ ಎತ್ತಿದ. ಫೋನಿಗೆ ಕೈ ಅಡ್ಡ ಇಟ್ಟು, ಮೂರು ಜನ ಟೀಚರ್‌ಗಳ ಎದುರಿಗೆ, 'ಮೇಡಂ, ಯಾರೋ ನಿಮ್ಮ ವಿಗ್ಗು ಅಂತಿದ್ದಾರೆ' ಅಂದ. ರಾಂಗ್ ನಂಬರ್ ಇಡ್ರೀ ಅಂದೆ. ಇಟ್ಟ. ಮಧ್ಯಾಹ್ನ ಫೈಲಿಗೆ ಸಹಿ ಹಾಕಿಸೋಕೆ ಬಂದವನು ಫೈಲ್ ನೋಡ್ಲಿಲ್ಲ. ಇಲ್ಲಿ ನೋಡ್ದ." ಅವರು ಹಣೆಯ ಅಂಚಿಗೆ ಬೆರಳಿಟ್ಟರು. "ಒಂಬತ್ತು ವರ್ಷದಲ್ಲಿ ಯಾರೂ ಇಲ್ಲಿ ನೋಡಿರಲಿಲ್ಲ. ಇನ್ನು ಎಲ್ಲರೂ ಇಲ್ಲೇ ನೋಡ್ತಾರೆ."

"ಮೇಡಂ, ನನ್ನ ಬಾಯಿಂದ ಒಂದಕ್ಷರ..."

"ನಿಮ್ಮ ಬಾಯಿಂದಲೋ ನಿಮ್ಮ ಪೆಟ್ಟಿಗೆಯಿಂದಲೋ, ನನಗೇನು ವ್ಯತ್ಯಾಸ? ನನ್ನ ತಲೆ ಕೊಡಿ."

"ಮೇಡಂ?"

"ನನ್ನ ಮರದ ತಲೆ. ಅದು ಇಲ್ಲಿರೋದು ಬೇಡ."

ನಾದಿನಿ ಕಪಾಟಿನಿಂದ ಮರದ ತಲೆಯನ್ನು ಇಳಿಸಿ ಕೊಟ್ಟಳು. ಜಡೆ ಮಿಸ್ ಅದನ್ನು ಉತ್ತರ ಪತ್ರಿಕೆಗಳ ಚೀಲದೊಳಗೆ ತುರುಕಿಕೊಂಡು ಹೋದರು. ಚೀಲದ ಬಾಯಿಂದ ಮೂಗಿಲ್ಲದ ಆ ಮುಖ ಮೆಟ್ಟಿಲುದ್ದಕ್ಕೂ ಹಿಂದಕ್ಕೆ ನೋಡುತ್ತ ಇಳಿಯಿತು.

ಅಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಶಾಂಪೂ ಅಂದಮೇಲೆ ಫೋನು ಮಾಡಿದವನು ಯಾರೆಂದು ಕೇಳಬೇಕಾಗಿಲ್ಲ. ಆದರೆ ಅವನಿಗೆ ಕೊಟ್ಟವರು ಯಾರು? ಮೊದಲು ನಾದಿನಿಯತ್ತ ತಿರುಗಿದಳು.

"ಏನೇ, ಅವನ ಹತ್ತಿರ ಏನಾದ್ರೂ ಬಾಯಿ ಬಿಟ್ಟೆಯಾ?"

"ಅತ್ತಿಗೆ, ನಾನು ಊರಿಗೆಲ್ಲ ಮಾತಾಡ್ತೀನಿ, ನಿಜ. ಆದ್ರೆ ಇಪ್ಪತ್ತು ವರ್ಷದಲ್ಲಿ ಒಂದು ತಲೆ ಬಗ್ಗೆ ಮಾತಾಡಿದೀನಾ? ಅಣ್ಣನ ಬೋಳಿನ ಬಗ್ಗೆ ಸಹ ಮಾತಾಡಿಲ್ಲ!" ಅವಳ ಕಣ್ಣಲ್ಲಿ ನೀರು ಬಂತು. ತಮಾಷೆ ಮಾಡುತ್ತಲೇ ಅಳುವುದು ಅವಳೊಬ್ಬಳಿಗೇ ಸಾಧ್ಯ.

ಮರುದಿನ ಬೆಳಗ್ಗೆಯೇ ಗುಂಗುರು ಸಾಹೇಬರಿಗೆ ಕರೆ ಹೋಯಿತು. ಬಂದು ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಅಕ್ಕ ಶುರು ಮಾಡಿದಳು. ಬೀಗ ಹಾಕಿದವರಿಗೆ ತೆಗೆಯಲೂ ಬರುತ್ತದಲ್ಲವೇ, ಬ್ಯಾಂಕಿನವರು ಅಂತ ನಂಬಿದೆನಲ್ಲ, ಅಪ್ಪ ಮೂವತ್ತು ವರ್ಷ, ನಾನು ಮೂವತ್ತು ವರ್ಷ ಕಾಪಾಡಿದ್ದನ್ನು ಎಂಟು ತಿಂಗಳಲ್ಲಿ ನೀರಿಗೆ ಹಾಕಿದಿರಲ್ಲ.

ಸಾಹೇಬರು ಕೆಂಪಾದರು. "ತಂಗಿ, ನನ್ನ ಬೋಳು ತಲೆಯೂ ಅದರೊಳಗೇ ಇದೆಯಲ್ಲಮ್ಮ! ನಾನು ಯಾಕೆ ಅದಕ್ಕೆ ಕನ್ನ ಹಾಕಲಿ? ಫೋನ್ ಬಂದದ್ದು ಯಾವ ನಂಬರಿಗೆ? ಅದು ಮೊದಲು ನೋಡು."

"ನೋಡ್ತೀನಿ. ಆ ಕಡೆ ತಿರುಗಿ ಕೂತ್ಕೊಳ್ಳಿ."

"ಹಾಕಿಕೊಟ್ಟವನು ನಾನೇ..."

"ಯಾರೇ ಆಗ್ಲಿ. ಆ ಕಡೆ."

ಸಾಹೇಬರು ಗೊಣಗುತ್ತ ಎದುರು ಗೋಡೆಗೆ ತಿರುಗಿದರು. ಅಕ್ಕ ಪಾಸ್‌ವರ್ಡ್ ಒತ್ತಿ, ಜಡೆ ಮಿಸ್ ಅವರ ಫೈಲು ತೆರೆದಳು. ಅದರಲ್ಲಿದ್ದದ್ದು ಅವರ ಮೊಬೈಲ್ ನಂಬರು. ಶಾಲೆಯ ನಂಬರು ಎಲ್ಲೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ, ಮನೆಯಲ್ಲಿ ಅತ್ತೆ ಫೋನ್ ಎತ್ತುತ್ತಾರೆಂದು ಜಡೆ ಮಿಸ್ ಆಫೀಸಿನ ನಂಬರು ಕೊಟ್ಟಿದ್ದು ನಿಜ. ಆದರೆ ಆಮೇಲೆ ಮೊಬೈಲ್ ಬಂದು, ಕಂಪ್ಯೂಟರಿಗೆ ಹೋದದ್ದು ಅದೊಂದೇ.

"ಇದರಲ್ಲಿ ಆಫೀಸ್ ನಂಬರೇ ಇಲ್ವಲ್ಲ," ಅಂದಳು ಅಕ್ಕ. "ಮತ್ತೆ ಅವನಿಗೆ ಎಲ್ಲಿಂದ ಸಿಕ್ತು?"

ಎದುರು ಗೋಡೆಯ ಕಪಾಟಿನಲ್ಲಿ ನಾಲ್ಕು ಸಾಲಾಗಿ ಮರದ ತಲೆಗಳು ನಿಂತಿದ್ದವು, ಜಡೆ ಮಿಸ್ ಅವರದು ಹೋದ ಮೇಲೆ ಮೂವತ್ತೇಳು. ಕೂತ ಕಡೆ ಬೇಸರಕ್ಕೆ ಸಾಹೇಬರು ತಮ್ಮದನ್ನು ಗುರುತು ಹಿಡಿದು, ಕೈಗೆತ್ತಿಕೊಂಡು, ಅದರ ನೆತ್ತಿ ಸವರಿ, ತಲೆಕೆಳಗು ಮಾಡಿದ್ದರು. ಬುಡದಲ್ಲಿ ಅಕ್ಕನ ದುಂಡು ಅಕ್ಷರದಲ್ಲಿ, ಅಳಿಸದ ಮಸಿಯಲ್ಲಿ, ಅವರ ಪೂರ್ತಿ ಹೆಸರು, ಮನೆ ವಿಳಾಸ, ಅವರು ಬ್ಯಾಂಕಿನಲ್ಲಿದ್ದ ಕಾಲದ ಫೋನ್ ನಂಬರು. ಕೆಳಗೆ 'ಗುಂಗುರು, ದಟ್ಟ' ಎಂಬ ಷರಾ.

"ತಂಗಿ," ಅಂದರು ಸಾಹೇಬರು, ತಲೆಯನ್ನು ಅವಳತ್ತ ಚಾಚಿ. "ಇದೇನಮ್ಮ ಇದು?"

ಅಕ್ಕ ನೋಡಿದಳು. ತಲೆಯನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಕುರ್ಚಿಯಿಂದ ಕಪಾಟಿಗೆ ಕೈಗೆಟುಕುವಷ್ಟೇ ದೂರವಿದ್ದದ್ದನ್ನು ನೋಡಿದಳು. ಎಂಟು ತಿಂಗಳಿಂದ ಬಂದವರನ್ನೆಲ್ಲ ಹಿಡಿದು, ತಿರುಗಿಸಿ, ಅದರ ಮುಂದೆಯೇ ಕೂರಿಸಿದವಳು ತಾನು. ನಲವತ್ತೆಂಟು ಅಂಕಿಯ ಕೀಲಿಯನ್ನು ರಾಜನ ತಲೆಯಲ್ಲಿ ಬಚ್ಚಿಟ್ಟು, ಪ್ರಜೆಗಳ ಹೆಸರನ್ನೆಲ್ಲ ಬೀದಿಗೆ ಹರವಿಟ್ಟವಳೂ ತಾನೇ.

"ಅಪ್ಪ ಹೇಳಿದ್ದು," ಅಂದಳು ಅಷ್ಟೇ. ಆಮೇಲೆ, "ಅಪ್ಪನ ಕಾಲದಲ್ಲಿ ಫೋನೇ ಇರಲಿಲ್ಲ. ನಂಬರ್ ಸೇರಿಸಿದ್ದು ನಾನು."

ನಾದಿನಿ ಕಪಾಟಿನಿಂದ ಒಂದೊಂದೇ ತಲೆ ಇಳಿಸಿ, ಬುಡ ತಿರುಗಿಸಿ ನೋಡತೊಡಗಿದಳು.

ಶಾಂಪೂ ಏಜೆಂಟನನ್ನು ಜಾಲರಿ ಬೇಕೆಂದು ಹೇಳಿಯೇ ಕರೆಸಿದಳು. ಅವನು ನಗುತ್ತ ಬಂದು ಕೂತ, ರೂಢಿಯಂತೆ ಕಪಾಟಿನ ಕಡೆಗೇ ತಿರುಗಿ. ಕಪಾಟಿಗೆ ಹಾಸಿಗೆ ಬಟ್ಟೆ ಹೊದಿಸಿತ್ತು. ನಗು ಅರ್ಧಕ್ಕೆ ನಿಂತಿತು.

"ಹೆಡ್ ಮಿಸ್ಸಿಗೆ ಫೋನ್ ಮಾಡಿದ್ದು ನೀನೇನಾ?"

"ಕಂಪನಿ ಹುಡುಗಿಯರು ಮಾಡ್ತಾರೆ ಅಕ್ಕಾವ್ರೇ. ನಾನು ಬರೀ ಪಟ್ಟಿ ಕೊಡೋದು."

"ಪಟ್ಟಿ ಎಲ್ಲಿ ಸಿಕ್ತು?"

"ನಾನು ಯಾವ ಬೀಗ ಮುರಿದೆ ಹೇಳಿ? ನಿಮ್ಮ ಕಂಪ್ಯೂಟರ್ ಮುಟ್ಟಿದೀನಾ? ನೀವೇ ತಿರುಗಿ ಕೂತ್ಕೊ ಅಂದ್ರಿ, ಕೂತೆ. ಒಂದು ತಲೆ ಅಡ್ಡ ಬಿದ್ದಿತ್ತು, ಪಾಪ ಅಂತ ಎತ್ತಿ ನಿಲ್ಲಿಸಿದೆ."

"ಮೂವತ್ತೆಂಟೂ ಅಡ್ಡ ಬಿದ್ದಿದ್ವಾ?"

ಅವನು ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಂಡ. "ವ್ಯಾಪಾರದಲ್ಲಿ ಎದುರಿಗೆ ಬಿದ್ದದ್ದನ್ನ ಎತ್ಕೊಳ್ಳೋದು ತಪ್ಪಾ ಅಕ್ಕಾವ್ರೇ? ಶಾಂಪೂ ಮಾರೋಕಲ್ವಾ, ಬೇರೆ ಏನಕ್ಕೂ ಅಲ್ವಲ್ಲ?"

ಅಕ್ಕನಿಗೆ ಮೈ ಉರಿದದ್ದು ಆ ಕೊನೆಯ ಮಾತಿಗೆ. ಕದ್ದೆ ಅಂದಿದ್ದರೆ ಕಳ್ಳ ಅಂದು ಸುಮ್ಮನಾಗುತ್ತಿದ್ದಳೇನೋ. ಇವನು ಉಪಕಾರ ಮಾಡಿದವನ ಮುಖ ಮಾಡಿಕೊಂಡು ಕೂತಿದ್ದ.

"ಕೇಳು. ಆರುನೂರು ಮಕ್ಕಳ ಮುಂದೆ ದಿನಾ ಬೆಳಗ್ಗೆ ಎದೆ ಸೆಟೆಸಿ ನಿಲ್ಲೋ ಹೆಂಗಸು ಅವರು. ಆ ಕಾಯಿಲೆ ಬಂದಾಗ ಈ ಕುರ್ಚಿ ಮೇಲೆ, ನೀನು ಕೂತಿದೀಯಲ್ಲ ಇದರ ಮೇಲೇ ಕೂತು, ಇನ್ನು ಶಾಲೆಗೆ ಹೋಗಲ್ಲ ಅಂದಿದ್ರು. ಅವರನ್ನ ಮತ್ತೆ ಆ ಶಾಲೆ ಬಾಗಿಲಿಗೆ ಕಳಿಸೋಕೆ ನನಗೆ ಇಡೀ ಬೇಸಿಗೆ ರಜೆ ಬೇಕಾಯ್ತು. ನಿನಗೆ ಎಷ್ಟು ಹೊತ್ತು ಬೇಕಾಯ್ತು? ಒಂದು ಫೋನು. ಒಂದು ಶಾಂಪೂ ಬಾಟಲಿಗೆ. ಏಳು ಮೇಲೆ! ಆ ಕುರ್ಚಿ ಮೇಲಿಂದ ಏಳು."

ಅವನು ಎದ್ದ. ಫೋನಿನಲ್ಲಿದ್ದ ಪಟ್ಟಿಯನ್ನು ಅವಳ ಕಣ್ಣೆದುರಿಗೇ ಅಳಿಸಿದ. ಕಂಪನಿಗೆ ಕೊಟ್ಟದ್ದನ್ನು ತಾನು ಹೇಗೆ ಅಳಿಸಲಿ ಅಂದ. ಅಕ್ಕ ಕಂಪನಿಗೆ ಗುಂಗುರು ಸಾಹೇಬರಿಂದ ಬ್ಯಾಂಕಿನ ಭಾಷೆಯಲ್ಲಿ ಒಂದು ಪತ್ರ ಬರೆಸಿದಳು. ಓದಿದವರಿಗೆ ಕೋರ್ಟಿನ ಮೆಟ್ಟಿಲು ಕಣ್ಣಿಗೆ ಕಟ್ಟುವಂಥ ಪತ್ರ. ನಾಲ್ಕೇ ದಿನಕ್ಕೆ ಹೆಸರುಗಳನ್ನೆಲ್ಲ ತೆಗೆದಿದ್ದೇವೆಂದು ಜವಾಬು ಬಂತು. ಆಮೇಲೆ ಈ ಕಸುಬಿನ ಇನ್ನುಳಿದ ಐದಾರು ಮಂದಿಗೆ ತಾನೇ ಫೋನು ಮಾಡಿದಳು. ವರ್ಷಗಟ್ಟಲೆ ಗಿರಾಕಿಗಾಗಿ ಕಿತ್ತಾಡಿಕೊಂಡು ಮಾತು ಬಿಟ್ಟವರಿಗೂ ಮಾಡಿದಳು. "ಅವನ ಮುಂದೆ ತಲೆ ಬಿಟ್ಟು ಒಳಗೆ ಹೋಗಬೇಡಿ," ಅಂದಳು. ಎಲ್ಲರ ಮರದ ತಲೆಗಳ ಬುಡದಲ್ಲೂ ಹೆಸರಿತ್ತು. ಎಲ್ಲರೂ ಫೋನು ಇಟ್ಟು ಮೊದಲು ಕಪಾಟಿನ ಕಡೆ ಓಡಿದರು. ಮುಂದಿನ ತಿಂಗಳು ಏಜೆಂಟನಿಗೆ ಯಾವ ಬಾಗಿಲೂ ತೆರೆಯಲಿಲ್ಲ.

ಆದರೆ ಅತಿ ಕಷ್ಟದ ಕೆಲಸ ಅದಲ್ಲ. ಮೂವತ್ತೇಳು ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ನಿಮ್ಮ ಹೆಸರು, ನಂಬರು ನನ್ನ ಅಂಗಡಿಯಿಂದ ಹೊರಗೆ ಹೋಯಿತು, ತಪ್ಪು ನನ್ನದು, ಶಾಂಪೂ ಅಂತ ಯಾರಾದರೂ ಕರೆದರೆ ಹೀಗಿದೆ ಸಂಗತಿ, ಎಂದು ಹೇಳುವುದು. "ಯಾಕೆ ಅತ್ತಿಗೆ, ಅರ್ಧ ಜನಕ್ಕೆ ಫೋನೇ ಬಂದಿಲ್ಲ. ನಾವಾಗಿ ಹೇಳ್ಕೋಬೇಕಾ?" ಅಂದಳು ನಾದಿನಿ. ವ್ಯಾಪಾರದ ಲೆಕ್ಕದಲ್ಲಿ ನಾದಿನಿಯ ಮಾತೇ ಸರಿ. ಅಕ್ಕ ಎರಡು ದಿನ ಕೂತು ಎಲ್ಲರಿಗೂ ಹೇಳಿದಳು. ಇಬ್ಬರು ಬಯ್ದರು. ಒಬ್ಬರು ತಲೆ ವಾಪಸ್ ಕೇಳಿದರು. ಮದುವೆಯಲ್ಲಿ ಮೂರು ಸಲ ಪರಿಚಯವಾದ ಆ ಮನುಷ್ಯ ಮಾತ್ರ, "ಕ್ಷಮಿಸಿ, ತಾವು ಯಾರು ಅಂತ ಗೊತ್ತಾಗಲಿಲ್ಲ," ಅಂದು ನಕ್ಕು ಫೋನಿಟ್ಟ.

ಆಮೇಲೆ ಇಬ್ಬರೂ ಮರಳುಕಾಗದ ಹಿಡಿದು ಕೂತು ತಲೆಗಳ ಬುಡ ಉಜ್ಜಿದರು. ಮೂವತ್ತು ವರ್ಷದ ಮಸಿ ಮರಕ್ಕೆ ಇಳಿದಿತ್ತು. ಅಪ್ಪನ ಕೈಬರಹವೂ ಕೆಲವದರಲ್ಲಿ ಇತ್ತು, ಅದನ್ನೂ ಬಿಡಲಿಲ್ಲ. ಬುಡದಲ್ಲಿ ಬರೀ ಒಂದು ಅಂಕಿ ಉಳಿಯಿತು. ಯಾವ ಅಂಕಿ ಯಾರು ಅನ್ನುವ ಪಟ್ಟಿ ಬೀಗದೊಳಗಿನ ಹಿಟ್ಟಿಗೆ ಸೇರಿತು.

ಜಡೆ ಮಿಸ್ ಫೋನು ಎತ್ತಲಿಲ್ಲ. ಅವರ ಮರದ ತಲೆ ಅವರ ಬಳಿ ಇತ್ತು, ಅಳತೆ ಅಕ್ಕನ ಬಳಿ. ಅಕ್ಕ ಅಪ್ಪನ ಕಾಲದ ಒಂದು ಹಳೆಯ ತಲೆಗೆ ಬಟ್ಟೆ ಸುತ್ತಿ, ಫೈಲಿನ ಅಳತೆಗೆ ಸರಿಯಾಗಿ ಊದಿಸಿ, ಅದರ ಮೇಲೆ ಕೆಲಸಕ್ಕೆ ಕೂತಳು. ಯಾರೂ ಹೇಳದ ಕೆಲಸ.

ಏಳನೆಯ ವಾರಕ್ಕೆ ಜಡೆ ಮಿಸ್ ತಾವೇ ಬಂದರು, ಜಡೆಯ ಜಾಲರಿ ಕಿವಿಯ ಬಳಿ ಹರಿದಿದ್ದರಿಂದ. ಬೇರೆ ಎಲ್ಲಿಗೆ ಹೋಗಿಯಾರು? ಮುಖ ಬಿಗಿದುಕೊಂಡೇ ಇದ್ದರು. ಗುಮಾಸ್ತ ಇನ್ನೂ ಹಣೆಯನ್ನೇ ನೋಡುತ್ತಾನಂತೆ. ಟೀಚರುಗಳು ಕ್ಯಾಂಟೀನಿನಲ್ಲಿ ತಾವು ಹೋದ ಕೂಡಲೇ ಹವಾಮಾನದ ಮಾತು ತೆಗೆಯುತ್ತಾರಂತೆ.

ಅಕ್ಕ ಆದದ್ದೆಲ್ಲವನ್ನೂ ಹೇಳಿದಳು, ಕುರ್ಚಿಯನ್ನು, ಕಪಾಟನ್ನು, ತನ್ನ ಅಪ್ಪಣೆಯನ್ನು ಬಿಡದೆ. ಆಮೇಲೆ ಮೂರು ಡಬ್ಬಿ ತಂದು ಸಾಲಾಗಿ ಇಟ್ಟು ಮೊದಲನೆಯದನ್ನು ತೆರೆದಳು. ಕಿವಿ ಮುಚ್ಚುವಷ್ಟೇ ಉದ್ದದ ಗಿಡ್ಡ ಕೂದಲು. ಅದೇ ಬಣ್ಣ, ಅದೇ ಬೈತಲೆ.

"ಇದೇನಮ್ಮ? ನನಗೆ ಜಡೆ ಅಲ್ವಾ?"

"ಸೋಮವಾರ ಇದನ್ನ ಹಾಕ್ಕೊಂಡು ಹೋಗಿ ಮೇಡಂ. ಭಾರ ಆಗ್ತಿತ್ತು, ಕತ್ತರಿಸಿಬಿಟ್ಟೆ ಅನ್ನಿ." ಅಕ್ಕ ಎರಡನೆಯ ಡಬ್ಬಿ ತೆರೆದಳು. ಮೊದಲನೆಯದಕ್ಕಿಂತ ಒಂದೆರಡು ಬೆರಳಗಲ ಹೆಚ್ಚು ಉದ್ದ. "ನಾಲ್ಕು ತಿಂಗಳಿಗೆ ಇದು." ಮೂರನೆಯದು ಭುಜಕ್ಕೆ ತಾಗುವಂತಿತ್ತು. "ವರ್ಷಕ್ಕೆ ಇದು. ವಿಗ್ಗು ಬೆಳೆಯಲ್ಲ ಮೇಡಂ. ಬೆಳೆಯೋದು ಕೂದಲು ಮಾತ್ರ. ಅದು ನಿಮ್ಮ ಗುಮಾಸ್ತನಿಗೂ ಗೊತ್ತು."

ಜಡೆ ಮಿಸ್ ಮೂರು ಡಬ್ಬಿಗಳನ್ನೂ ಒಂದೊಂದಾಗಿ ನೋಡಿದರು. ಅವರ ಮುಖದ ಬಿಗಿ ಎಲ್ಲಿ ಸಡಿಲಾಯಿತೆಂದು ಹೇಳುವುದು ಕಷ್ಟ. ಬಾಯಿಯ ಒಂದು ಮೂಲೆ ಮೊದಲು ಸೋತಿತು.

"ಅವನು ತನ್ನ ಕಣ್ಣನ್ನೇ ನಂಬಲ್ಲ," ಅಂದರು.

"ನೋಡ್ಲಿ ಬಿಡಿ. ಒಂದು ವರ್ಷ ಹಣೆ ನೋಡ್ತಾ ಕೂರ್ಲಿ, ಬೆಳೆಯೋದು ಕಾಣುತ್ತೆ," ಅಂದಳು ನಾದಿನಿ ಒಳಗಿಂದ.

ಆ ಸೋಮವಾರ ಶಾಲೆಯಲ್ಲಿ ಒಂದು ಮಗು ಅತ್ತಿತಂತೆ, ಮಿಸ್ಸಿನ ಜಡೆ ಹೋಯಿತೆಂದು. ಮೂವರು ಟೀಚರುಗಳು ಬಂದು, ಅಯ್ಯೋ ಅಷ್ಟು 'ನಿಜವಾದ' ಕೂದಲನ್ನು ಹೀಗೆ ಕತ್ತರಿಸುವುದೇ ಎಂದು ಬಯ್ದರಂತೆ. ಗುಮಾಸ್ತ ಮಾತ್ರ ಒಂದು ತಿಂಗಳು ಸಹಿಯ ಫೈಲನ್ನು ಕಣ್ಣು ಕೆಳಗೆ ಮಾಡಿಕೊಂಡು ತಂದಿಟ್ಟನಂತೆ.

ನಾಲ್ಕು ತಿಂಗಳಿಗೆ ಸರಿಯಾಗಿ ಅವರು ಎರಡನೆಯದನ್ನು ಹೊಂದಿಸಿಕೊಳ್ಳಲು ಬಂದರು. ಚೀಲದಿಂದ ತಮ್ಮ ಮರದ ತಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಬುಡವನ್ನು ಅವರೇ ಉಜ್ಜಿ ತಂದಿದ್ದರು, ಶಾಲೆಯ ಬಡಗಿಯ ಮರಳುಕಾಗದದಲ್ಲಿ. "ಇದಕ್ಕೆ ನಂಬರ್ ಎಷ್ಟು ಅಂತ ನೋಡಿ ಹಾಕಿ," ಅಂದರು.

ಅಕ್ಕ ಕಂಪ್ಯೂಟರಿನ ಮುಂದೆ ಕೂತಳು. "ಸ್ವಲ್ಪ ಆ ಕಡೆ..." ಅಂದವಳು ನಾಲಗೆ ಕಚ್ಚಿಕೊಂಡಳು. ಕುರ್ಚಿ ಈಗ ಕಿಟಕಿಯ ಬಳಿ ಇತ್ತು.

ಜಡೆ ಮಿಸ್ ತಾವಾಗಿಯೇ ಕಿಟಕಿಗೆ ತಿರುಗಿ, ಗಿಡ್ಡ ಕೂದಲನ್ನು ಕಿವಿಯ ಹಿಂದೆ ಸರಿಸಿ ಕೂತರು. ಕೆಳಗೆ ಕೊಡೆ ರಿಪೇರಿಯವನ ಎದುರು ಶಾಂಪೂ ಏಜೆಂಟ್ ಒಂದು ಕೊಡೆ ಹಿಡಿದು ನಿಂತಿದ್ದ. ಹಸಿರು ಬಾಗಿಲಿನತ್ತ ಒಮ್ಮೆ ಕತ್ತೆತ್ತಿದವನು ಅಕ್ಕನ ಕಿಟಕಿಯಿಂದ ಯಾರೋ ತನ್ನನ್ನೇ ನೋಡುತ್ತಿರುವುದು ಕಂಡು, ರಿಪೇರಿಯಾಗದ ಕೊಡೆಯನ್ನು ಹಾಗೇ ತೆಗೆದುಕೊಂಡು ಬೇಗ ಬೇಗ ಹೋದ.

"ಒತ್ತಿ ಅಮ್ಮ, ನಿಧಾನವಾಗಿ ಒತ್ತಿ," ಅಂದರು ಜಡೆ ಮಿಸ್, ತಿರುಗದೆ. "ನನಗೆ ಇಲ್ಲಿ ನೋಡೋಕೆ ಚೆನ್ನಾಗಿದೆ."